ಬೆಂಗಳೂರಿನ ಡಾಲ್ಫಿನ್ ಕಾರು

ಕುಟುಂಬದ ಕಾರು ಹೇಗಿರಬೇಕೆಂಬ ಪ್ರಶ್ನೆಗೆ ಫ್ರಾನ್ಸಿನವರು ಕೊಟ್ಟ ಉತ್ತರ ಪ್ರಸಿದ್ಧವಾದುದು. ಸಿಟ್ರೊಯೆನ್ ಕಂಪೆನಿಯ ಮುಖ್ಯಸ್ಥ ಬೂಲಾಂಜೆಯವರು ತಮ್ಮ ಎಂಜಿನಿಯರುಗಳಿಗೆ ವಿಧಿಸಿದ ನಿಯಮವಿದು: ಇಬ್ಬರು ರೈತರೂ ೫೦ ಕಿಲೋ ಸಾಮಾನೂ ಹಿಡಿಸಬೇಕು, ಉತ್ತ ಹೊಲದ ಮೇಲೆ ಹೋದರೂ ಬುಟ್ಟಿಯೊಳಗಿನ ಮೊಟ್ಟೆ ಒಡೆಯಬಾರದು. ೧೯೪೮ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಆ 'ಡ್ಯೂ ಶೆವೊ' ೧೯೯೦ರವರೆಗೂ ತಯಾರಾಯಿತು.

ಇದೇ ಪ್ರಶ್ನೆಗೆ ನಮ್ಮ ಬೆಂಗಳೂರೂ ಒಮ್ಮೆ ಉತ್ತರ ಹುಡುಕಿತ್ತೆಂಬುದು ಹಾಸನ, ಹೊಳೆನರಸೀಪುರಗಳ ಇಂದಿನ ತರುಣರಿಗೆ ತಿಳಿದಿರಲಾರದು. ೧೯೭೦ರ ದಶಕದಲ್ಲಿ ಅಲ್ಲಿನ ಸನ್‌ರೈಸ್ ಕಂಪೆನಿಯವರು 'ಬಾದಲ್' ಎಂಬ ಮೂರು ಚಕ್ರದ ಕಾರನ್ನು ಮಾಡಿದರು. ಅದರ ಮುಂದುವರಿಕೆಯಾದ ಸಿಪಾನಿ ಆಟೋಮೊಬೈಲ್ಸ್‌ನಿಂದ ೧೯೮೨ರಲ್ಲಿ ನಾಲ್ಕು ಚಕ್ರದ 'ಡಾಲ್ಫಿನ್' ಹೊರಬಂದಿತು. ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ 'ಕಿಟನ್' ಇದರ ಮೂಲ. ಅಲ್ಲಿ ಬೆಕ್ಕಿನ ಮರಿಯಾಗಿದ್ದುದು ಇಲ್ಲಿ ಜಲಚರವಾಯಿತು!

ಇದರ ಮೈ ಉಕ್ಕಿನ ತಗಡಿನದಲ್ಲ. ಗಾಜಿನ ನಾರನ್ನು ರಾಳದೊಡನೆ ಅಚ್ಚಿನೊಳಗೆ ಪದರ ಪದರವಾಗಿ ಕೂಡಿಸಿ ಗಟ್ಟಿಗೊಳಿಸಿದ ಫೈಬರ್‌ಗ್ಲಾಸ್. ತಗಡನ್ನು ಒತ್ತುವ ಭಾರಿ ಯಂತ್ರಗಳ ವೆಚ್ಚವಿಲ್ಲದ್ದರಿಂದ ಅಲ್ಪ ಬಂಡವಾಳದ ಕಾರ್ಖಾನೆಗೆ ಇದು ಒಗ್ಗಿದ ಉಪಾಯ. ಅರಕಲಗೂಡಿನ ಪಡುವಲ ಸೀಮೆಯ ಮಳೆಯಲ್ಲಿ ನಿಂತರೂ ಅಂಥ ಮೈಗೆ ತುಕ್ಕಿನ ಭಯವಿಲ್ಲ. ೮೪೮ ಸಿ.ಸಿ.ಯ ಅಲ್ಯೂಮಿನಿಯಮ್ ಎಂಜಿನ್ ಮುಂಭಾಗದಲ್ಲಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಗಾಡಿ ಹಗುರವಾದ್ದರಿಂದ ರ‍್ಯಾಲಿ ಪಂದ್ಯಗಳಲ್ಲಿ ಒಳ್ಳೆಯ ಹೆಸರನ್ನೇ ಗಳಿಸಿತು.

ಆದರೆ ಪಂದ್ಯದ ಗೆಲುವು ಬೇರೆ, ಸಂಸಾರದ ಸವಾರಿ ಬೇರೆ. ಡಾಲ್ಫಿನ್‌ಗೆ ಇದ್ದುದು ಎರಡೇ ಬಾಗಿಲು. ಸೀರೆಯುಟ್ಟ ಅಜ್ಜಿಯೊಬ್ಬರು ಮುಂದಿನ ಆಸನವನ್ನು ಬಾಗಿಸಿ ಹಿಂದಕ್ಕೆ ನುಸುಳಬೇಕೆಂದರೆ ಎಂಥ ಪಾಡೆಂಬುದನ್ನು ತಾವೇ ಊಹಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಇದು ದೋಷವಾಗಿ ಕಾಣದಿರಬಹುದು. ಮೂರು ತಲೆಮಾರು ಒಟ್ಟಿಗೆ ಮದುವೆಗೆ ಹೊರಡುವ ನಾಡಿನಲ್ಲಿ ಇದೇ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ರಿಪೇರಿಯ ಚಿಂತೆಯೂ ಉಂಟು. ತಗಡು ನೆಗ್ಗಿದರೆ ಚನ್ನರಾಯಪಟ್ಟಣದಂಥ ಊರಿನಲ್ಲೇ ತಟ್ಟಿಸಿ ನೇರ್ಪಡಿಸಬಹುದು. ಫೈಬರ್ ಬಿರುಕುಬಿಟ್ಟರೆ ಅದರ ಕೆಲಸ ಬಲ್ಲವನನ್ನೇ ಹುಡುಕಬೇಕು. ಅಚ್ಚಿನ ಕೆಲಸದ ಇನ್ನೊಂದು ಗುಣವೆಂದರೆ, ಕಾರುಗಳು ಕೆಲವೇ ಆದರೆ ಅಗ್ಗ. ಸಾವಿರಾರು ಬೇಕಾದಾಗ ಕೈಕೆಲಸ ನಿಧಾನವಾಗಿ, ಒತ್ತಿದ ತಗಡೇ ಅಗ್ಗವಾಗುತ್ತದೆ.

ಸಾವಿರಾರು ಮಾಡಬಲ್ಲವರು ಬೇಗನೆ ಬಂದರು. ೧೯೮೩ರ ಡಿಸೆಂಬರ್ ೧೪ರಂದು ದೆಹಲಿಯಲ್ಲಿ ಮೊದಲ ಮಾರುತಿ ೮೦೦ರ ಕೀಲಿಕೈ ಒಡೆಯರ ಕೈಸೇರಿತು: ಉಕ್ಕಿನ ಮೈ, ನಾಲ್ಕು ಪಕ್ಕದ ಬಾಗಿಲು, ಹಿಂದೆ ಸರ್ಕಾರದ ಬಂಡವಾಳ, ಜಪಾನಿನ ಸುಜುಕಿಯ ಅನುಭವ. ಬೆಂಗಳೂರಿನವರೂ ಬಾಗಿಲಿನ ಕೊರತೆಯನ್ನು ಅರಿತು, ಆ ದಶಕದ ಉತ್ತರಾರ್ಧದಲ್ಲಿ 'ಮೊಂಟಾನಾ' ಎಂಬ ಹೆಚ್ಚು ಬಾಗಿಲುಗಳ ಕಾರನ್ನು ತಂದರು. ಅಷ್ಟರಲ್ಲಿ ಊರೂರಿನಲ್ಲಿ ಮಾರುತಿ ನೆಲೆಯೂರಿತ್ತು. ೧೯೯೦ರ ದಶಕದಲ್ಲಿ ಸಿಪಾನಿಯವರು ಇಂಗ್ಲೆಂಡಿನ ರೋವರ್ ಮಾಂಟೆಗೊವನ್ನು ಜೋಡಿಸಿ ಮಾರಲು ಹೊರಟರು. ಅದು ಸಿರಿವಂತರ ದೊಡ್ಡ ಗಾಡಿ, ಡಾಲ್ಫಿನ್‌ನ ದಾರಿಯದಲ್ಲ.