ಕಾರವಾರ–ಅಂಕೋಲಾ ಕರಾವಳಿಯ ಮನೆಗಳು: ವಾಸಿಸುವವರ ಅಗತ್ಯದ ಚರಿತ್ರೆ

ಕಟ್ಟಡದ ವಿನ್ಯಾಸದಲ್ಲಿ ಅದನ್ನು ಬಳಸುವವರ ಅಗತ್ಯಕ್ಕೆ ಎಷ್ಟು ಸ್ಥಾನವಿರಬೇಕೆಂಬುದು ಇಪ್ಪತ್ತನೆಯ ಶತಮಾನದ ವಾಸ್ತುಶಿಲ್ಪಿಗಳು ಬಹಳವಾಗಿ ಚರ್ಚಿಸಿದ ಪ್ರಶ್ನೆ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಳೆಯ ಮನೆಗಳ ಮಟ್ಟಿಗೆ ಈ ಪ್ರಶ್ನೆ ಏಳುವುದಕ್ಕೇ ಆಸ್ಪದವಿರಲಿಲ್ಲ, ಏಕೆಂದರೆ ಮನೆ ಕಟ್ಟುತ್ತಿದ್ದವರೂ ಅದರಲ್ಲಿ ಬಾಳುತ್ತಿದ್ದವರೂ ಬಹುಮಟ್ಟಿಗೆ ಒಬ್ಬರೇ ಆಗಿದ್ದರು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆದ್ದರಿಂದ ಹುಲ್ಲಿನ ಮಾಡು ಗೋಡೆಯಾಚೆಗೂ ಚಾಚಿ ತಗ್ಗಿಗೆ ಇಳಿಯಿತು. ಮಣ್ಣಿನ ಗೋಡೆಗೆ ಇರಚಲು ಬಡಿಯದಂತೆ ಮಳೆಗಾಲಕ್ಕೆ ಮುನ್ನ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮಳೆ ಮುಗಿದೊಡನೆ ಬಿಚ್ಚುವ ರೂಢಿ ಬೆಳೆಯಿತು. ಅನುಕೂಲಸ್ಥರು ಚಿರೇಕಲ್ಲನ್ನು, ಎಂದರೆ ಕಡಿದು ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಬಳಸಿದರು. ಅಂಕೋಲಾ ಸುತ್ತಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ, ಎಂದರೆ ಆ ಸಮುದಾಯದವರೇ ನೆಲೆಸಿದ ಸಣ್ಣ ಕೇರಿಗಳಲ್ಲಿ, ಮನೆಯ ನಿಜವಾದ ಕೇಂದ್ರ ಅಂಗಳವೇ ಆಗಿತ್ತು: ಸಗಣಿ ಸಾರಿಸಿದ ಆ ನೆಲದಲ್ಲಿ ಬತ್ತ ಒಣಗುತ್ತಿತ್ತು, ತುಳಸಿಗೆ ಪೂಜೆ ನಡೆಯುತ್ತಿತ್ತು, ಹೋಳಿಯ ದಿನಗಳಲ್ಲಿ ಸುಗ್ಗಿ ಕುಣಿತದ ತಂಡ ಅಲ್ಲಿಯೇ ಹೆಜ್ಜೆ ಹಾಕುತ್ತಿತ್ತು. ಒಲೆಯ ಹೊಗೆ ಮೇಲಕ್ಕೇರಿ ಅಟ್ಟದ ಬೀಜವನ್ನೂ ಮಾಡಿನ ಹುಲ್ಲನ್ನೂ ಹುಳದಿಂದ ಕಾಯುತ್ತಿತ್ತು. ಆದರೆ ಅದೇ ಹೊಗೆಯಲ್ಲಿ ದಿನವಿಡೀ ದುಡಿದ ಹೆಂಗಸರ ಕಣ್ಣು ಮತ್ತು ಉಸಿರಿನ ಅಗತ್ಯವನ್ನು ಆ ವಿನ್ಯಾಸ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದನ್ನು ಮರೆತು ಹಳೆಯ ಮನೆಯನ್ನು ಹೊಗಳುವುದು ನ್ಯಾಯವಲ್ಲ.

ಮೀನುಗಾರರ ಮನೆಯನ್ನು ಅದರ ಗೋಡೆಗಳಿಂದಷ್ಟೇ ಅಳೆಯಲಾಗದು. ದಡದಿಂದಲೇ ಹತ್ತಾರು ಜನ ಕೂಡಿ ಎಳೆಯುವ ಬೃಹತ್ ಬಲೆಯಾದ ರಂಪಣಿ ಈ ಕರಾವಳಿಯ ಬದುಕನ್ನು ಬಹುಕಾಲ ಆಳಿತು, ಮತ್ತು 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ರಂಪಣಿಗೆ ತೆರೆದ ಮರಳದಂಡೆ, ಬಲೆ ಹರವಿ ಹೆಣೆಯುವ ನೆರಳು, ದೋಣಿ ಎಳೆದಿಡುವ ಜಾಗ, ಮೀನು ಒಣಗಿಸುವ ಬಯಲು ಇವೆಲ್ಲ ಬೇಕಿದ್ದುದರಿಂದ, ಮನೆಯ ಮುಕ್ಕಾಲು ಪಾಲು ಮನೆಯ ಹೊರಗೇ ಇತ್ತೆಂದರೆ ತಪ್ಪಾಗದು.

ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾದಾಗ ಕಚೇರಿಗಳೂ ಅಧಿಕಾರಿಗಳ ಬಂಗಲೆಗಳೂ ಎದ್ದವು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಹಂಚು ಕಾಲಕ್ರಮೇಣ ಹುಲ್ಲಿನ ಸ್ಥಾನಕ್ಕೆ ಬಂದು, ವರ್ಷವರ್ಷವೂ ಮಾಡು ಹೊದಿಸುವ ದುಡಿಮೆಯನ್ನು ತಪ್ಪಿಸಿತು. ಮನೆಯ ಒಳಗಿನ ಕ್ರಮವನ್ನು ಅದು ಅಷ್ಟಾಗಿ ಕದಲಿಸಲಿಲ್ಲ.

ಕಟ್ಟುವವರೂ ಬಾಳುವವರೂ ನಿಜವಾಗಿ ಬೇರ್ಪಟ್ಟದ್ದು ಸೀಬರ್ಡ್ ನೌಕಾನೆಲೆ ಯೋಜನೆಯಿಂದ. ಪ್ರಧಾನಿ ರಾಜೀವ್ ಗಾಂಧಿ 1986ರ ಅಕ್ಟೋಬರ್ 24ರಂದು ಶಂಕುಸ್ಥಾಪನೆ ಮಾಡಿದ ಈ ಯೋಜನೆಯ ಮೊದಲ ಹಂತ 2005ರಲ್ಲಿ ಐಎನ್‌ಎಸ್ ಕದಂಬ ನೆಲೆಯಾಗಿ ಕಾರ್ಯಾರಂಭ ಮಾಡುವಷ್ಟರಲ್ಲಿ, ಎರಡೂ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಬಿಟ್ಟಿದ್ದವು. ಪರಿಹಾರವನ್ನು ಗುಂಟೆ ಮತ್ತು ರೂಪಾಯಿಗಳಲ್ಲಿ ಎಣಿಸಲಾಯಿತು, ಅದರ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಅಂಗಳಕ್ಕೂ ಮರಳದಂಡೆಗೂ ಇದ್ದ ನಂಟಿಗೆ ಆ ಎಣಿಕೆಯಲ್ಲಿ ಅಳತೆಗೋಲೇ ಇರಲಿಲ್ಲ.

ನೆಲೆ ಬದಲಿಸುವಾಗ ಇಂಥ ನಂಟನ್ನು ಕಡೆಗಣಿಸಿದ ನಿದರ್ಶನ ಬೇರೆಡೆಯೂ ಉಂಟು. ಈಜಿಪ್ಟಿನ ಲಕ್ಸರ್ ಬಳಿ ವಾಸ್ತುಶಿಲ್ಪಿ ಹಸನ್ ಫತ್ಹಿ 1940ರ ದಶಕದಲ್ಲಿ ಸ್ಥಳೀಯರ ಮಣ್ಣಿನ ಇಟ್ಟಿಗೆಯಿಂದಲೇ, ಅವರ ಬದುಕಿನ ರೀತಿಯನ್ನು ಅರಿಯುವ ಕಾಳಜಿಯಿಂದ ಹೊಸ ಗೂರ್ನಾ ಹಳ್ಳಿಯನ್ನು ರೂಪಿಸಿದರೂ ಸ್ಥಳಾಂತರವಾಗಬೇಕಿದ್ದ ಬಹುಪಾಲು ಕುಟುಂಬಗಳು ಅಲ್ಲಿಗೆ ಬರಲು ಒಪ್ಪಲಿಲ್ಲ, ಏಕೆಂದರೆ ಅವರ ಜೀವನೋಪಾಯ ಹಳೆಯ ಗುಡ್ಡದ ಗೋರಿಗಳ ನಡುವೆ ಇತ್ತು. ಸೊಗಸಾದ ಮನೆಯೂ ದುಡಿಮೆಯ ನೆಲದಿಂದ ದೂರವಾದರೆ ನಿಲ್ಲದೆಂಬುದನ್ನು ಆ ಪ್ರಯೋಗ ತೋರಿಸಿತು.

ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕಾಗಿಯೂ ಭೂಸ್ವಾಧೀನ ನಡೆದಿದೆ. ಇಂಥ ಯೋಜನೆಗಳಿಗಾಗಿ ನೆಲೆ ಬಿಡುವ ಕುಟುಂಬಗಳಿಗೆ ನಿವೇಶನದ ನಕ್ಷೆ ಬರೆಯುವ ಮುನ್ನ, ಅವರ ಅಂಗಳ, ಕೊಟ್ಟಿಗೆ, ಬತ್ತ ಮತ್ತು ಮೀನು ಒಣಗಿಸುವ ಜಾಗಗಳನ್ನು ಅವರೊಡನೆ ಕುಳಿತು ಅಳೆದು ದಾಖಲಿಸುವ ಕೆಲಸವನ್ನು ಜಿಲ್ಲಾಡಳಿತವೂ ರಾಜ್ಯದ ವಾಸ್ತುಶಿಲ್ಪ ಕಾಲೇಜುಗಳೂ ಕೂಡಿ ಕೈಗೊಳ್ಳಬೇಕು.