ಮೆಟ್ಟಿಲ ಬುಡದ ಬಾಗಿಲು

ಮನೆ ಕಟ್ಟುವಾಗ ನಾವು ಬಾಗಿಲಿಗೆ ಯಾವ ಮರವೆಂದು ವಿಚಾರಿಸುತ್ತೇವೆ, ಕೆತ್ತನೆಗೆ ಹಣ ಸುರಿಯುತ್ತೇವೆ. ಆದರೆ ಆ ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ಅದಕ್ಕೂ ಮೆಟ್ಟಿಲಿಗೂ ಎಷ್ಟು ಜಾಗ ಬಿಟ್ಟಿದೆ ಎಂಬುದನ್ನು ಬಡಗಿಯ ಅನುಕೂಲಕ್ಕೆ ಬಿಟ್ಟುಬಿಡುತ್ತೇವೆ. ಇದೇನೂ ಸಣ್ಣ ವಿಷಯವಲ್ಲ ಎನ್ನುವುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸಾಕ್ಷಿಗಳಿವೆ. ಆ ಸಾಕ್ಷಿಗಳಲ್ಲಿ ಬಹಳಷ್ಟು ಮಂದಿ ಮಕ್ಕಳು ಮತ್ತು ಬಡ ಕಾರ್ಮಿಕ ಹೆಣ್ಣುಮಕ್ಕಳು.

1883ರ ಜೂನ್ 16, ಶನಿವಾರ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಮನರಂಜನೆಯ ಪ್ರದರ್ಶನವಿತ್ತು. ಮೇಲಿನ ಗ್ಯಾಲರಿಯಲ್ಲೇ ಸಾವಿರದಷ್ಟು ಮಕ್ಕಳಿದ್ದರು. ಪ್ರದರ್ಶನ ಮುಗಿಯುತ್ತಲೇ ವೇದಿಕೆಯಿಂದ ಕೆಳಗಿದ್ದ ಮಕ್ಕಳಿಗೆ ಉಡುಗೊರೆ ಹಂಚತೊಡಗಿದರು. ತಮಗೆ ಸಿಗದೇ ಹೋದೀತೆಂದು ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ಓಡಿದರು. ಮೆಟ್ಟಿಲ ಬುಡದಲ್ಲಿ ಒಂದು ಬಾಗಿಲಿತ್ತು. ಅದು ಒಳಮುಖವಾಗಿ, ಅಂದರೆ ಇಳಿದು ಬರುವವರ ಕಡೆಗೇ ತೆರೆದುಕೊಳ್ಳುವಂಥದ್ದು. ಒಂದೊಂದೇ ಮಗು ನುಸುಳುವಷ್ಟು ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಲಾಗಿತ್ತು. ಮುಂದಿದ್ದವರು ಅಲ್ಲಿ ಸಿಕ್ಕಿಬಿದ್ದರು. ಹಿಂದಿದ್ದವರಿಗೆ ಅದು ಕಾಣಿಸಲಿಲ್ಲ. ಅವರು ತಳ್ಳುತ್ತಲೇ ಬಂದರು. ಸತ್ತ ಮಕ್ಕಳು 183. ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಕೊಂದದ್ದು ಒಂದು ಬಾಗಿಲು ಮತ್ತು ಅದು ಇದ್ದ ಜಾಗ.

ಅಗುಳಿ ಹಾಕಿದವರು ಯಾರೆಂಬುದು ವಿಚಾರಣೆಯಲ್ಲಿ ಕೊನೆಗೂ ಖಚಿತವಾಗಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ ಸಾರ್ವಜನಿಕ ಸಭಾಂಗಣಗಳ ಬಾಗಿಲುಗಳು ಹೊರಮುಖವಾಗಿ ತೆರೆಯಬೇಕೆಂಬ ಒತ್ತಾಯ ಆ ದುಃಖದಿಂದ ಬಲ ಪಡೆಯಿತು. ರಾಬರ್ಟ್ ಅಲೆಕ್ಸಾಂಡರ್ ಬ್ರಿಗ್ಸ್ ಎಂಬವರು ಒಳಗಿನಿಂದ ಮೈಭಾರಕ್ಕೇ ಬಿಚ್ಚಿಕೊಳ್ಳುವ ಅಗುಳಿಯೊಂದನ್ನು ರೂಪಿಸಿ 1892ರಲ್ಲಿ ಪೇಟೆಂಟ್ ಪಡೆದರು. ಇಂದು ಸಿನಿಮಾ ಮಂದಿರಗಳ ತುರ್ತು ಬಾಗಿಲುಗಳಲ್ಲಿ ನಾವು ಕಾಣುವ ಅಡ್ಡಪಟ್ಟಿ ಆ ಜಾತಿಯದ್ದೇ.

ಒಂದು ಊರು ಕಲಿತ ಪಾಠವನ್ನು ಇನ್ನೊಂದು ಊರು ಕಲಿಯಲು ಮತ್ತೆ ಹೆಣಗಳೇ ಬೇಕಾದವು. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ರಂಗಮಂದಿರಕ್ಕೆ ಬೆಂಕಿ ಬಿದ್ದು 602 ಮಂದಿ ಸತ್ತರು. ಬೆಂಕಿ ತಾಗದ ಕಟ್ಟಡವೆಂದು ಜಾಹೀರಾತು ಪಡೆದಿದ್ದ ಅದರ ಹೊರದಾರಿಗಳಲ್ಲಿ ಕೆಲವು ಪರದೆಗಳ ಹಿಂದೆ ಅಡಗಿದ್ದವು.

1911ರ ಮಾರ್ಚ್ 25ರ ನ್ಯೂಯಾರ್ಕ್ ದುರಂತದಲ್ಲಿ ಬಾಗಿಲಿನ ಹಿಂದಿದ್ದ ಮನಸ್ಸೂ ಬಯಲಾಯಿತು. ಟ್ರಯಾಂಗಲ್ ಉಡುಪು ಕಾರ್ಖಾನೆ ಒಂದು ಕಟ್ಟಡದ ಎಂಟು, ಒಂಬತ್ತು ಮತ್ತು ಹತ್ತನೇ ಮಹಡಿಗಳಲ್ಲಿತ್ತು. ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ವಲಸೆ ಬಂದ ಯಹೂದಿ ಮತ್ತು ಇಟಾಲಿಯನ್ ಕುಟುಂಬಗಳ ಹರೆಯದ ಹುಡುಗಿಯರು. ಬೆಂಕಿ ಹೊತ್ತಿಕೊಂಡಾಗ ಒಂಬತ್ತನೇ ಮಹಡಿಯ ಒಂದು ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿತ್ತು. ಹುಡುಗಿಯರು ಬಟ್ಟೆ ಕದ್ದೊಯ್ಯಬಾರದು, ಎಲ್ಲರೂ ಒಂದೇ ಬಾಗಿಲಲ್ಲಿ ಚೀಲ ತೋರಿಸಿ ಹೋಗಬೇಕು ಎನ್ನುವುದೇ ಆ ಬೀಗದ ಉದ್ದೇಶ. ಹೊರಗೋಡೆಗಿದ್ದ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕಳಚಿಬಿತ್ತು. 146 ಜೀವಗಳು ಹೋದವು. ಬೀಗ ಬಿದ್ದಿರುವುದು ಮಾಲೀಕರಿಗೆ ಆ ಹೊತ್ತಿಗೆ ಗೊತ್ತಿತ್ತೆಂದು ಸಾಬೀತಾಗದೆ ಅವರು ಖುಲಾಸೆಗೊಂಡರು. ಕೆಲವಾರು ತುಂಡು ಬಟ್ಟೆಗಳ ಬೆಲೆಗೂ ಒಂದು ಹೆಣ್ಣಿನ ಜೀವಕ್ಕೂ ನಡುವೆ ಮಾಲೀಕರು ಮಾಡಿದ್ದ ಲೆಕ್ಕ ಇದು.

ಬೀದಿಯಲ್ಲಿ ನಿಂತು ಆ ಹುಡುಗಿಯರು ಕಿಟಕಿಯಿಂದ ಧುಮುಕುವುದನ್ನು ಕಂಡವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬರು. ಆಮೇಲೆ ನ್ಯೂಯಾರ್ಕ್ ಕಾರ್ಖಾನೆಗಳ ತನಿಖೆಯಲ್ಲಿ ಅವರು ದುಡಿದರು. ಅಗ್ನಿ ಸುರಕ್ಷತೆಯ ಕಾನೂನುಗಳು ಬಂದವು. 1933ರಲ್ಲಿ ಅವರು ಅಮೆರಿಕದ ಕಾರ್ಮಿಕ ಸಚಿವರಾದರು.

ಇಂಥ ಪಾಠಗಳ ನೆರಳು ಇಂದು ಇಂಗ್ಲೆಂಡಿನ ಸಾಮಾನ್ಯ ಮನೆಯ ಅಟ್ಟದವರೆಗೂ ಚಾಚಿದೆ. ಎರಡಂತಸ್ತಿನ ಮನೆಯ ಅಟ್ಟವನ್ನು ಮಲಗುವ ಕೋಣೆ ಮಾಡಿಕೊಳ್ಳುವುದು ಅಲ್ಲಿ ರೂಢಿ. ಹಾಗೆ ಮಾಡುವವರು ಸಾಮಾನ್ಯವಾಗಿ ಅಟ್ಟದಿಂದ ಹೊರಬಾಗಿಲವರೆಗಿನ ಮೆಟ್ಟಿಲ ದಾರಿಯನ್ನು 30 ನಿಮಿಷ ಬೆಂಕಿ ತಡೆಯುವ ಗೋಡೆಗಳಿಂದ ಮುಚ್ಚಬೇಕು. ಆ ದಾರಿ ಅಡುಗೆಮನೆಯನ್ನು ಹಾದುಹೋಗಬಾರದು. ಮೆಟ್ಟಿಲ ಬುಡದಲ್ಲಿ ಬಾಗಿಲು ತೆರೆದುಕೊಳ್ಳುವುದಾದರೆ, ಅದು ತೆರೆದಾಗಲೂ ಕೊನೆಯ ಮೆಟ್ಟಿಲ ಮುಂದೆ ಕನಿಷ್ಠ 400 ಮಿಲಿಮೀಟರ್ ಜಾಗ ಉಳಿಯಬೇಕು. ನಿದ್ದೆಗಣ್ಣಿನಲ್ಲಿ, ಹೊಗೆಯಲ್ಲಿ, ಮಗುವನ್ನು ಎತ್ತಿಕೊಂಡು ಇಳಿಯುವವರನ್ನು ನೆನೆದು ಹಾಕಿದ ಅಳತೆ ಇದು.

ನಮ್ಮಲ್ಲೂ ದುರಂತಗಳಿಗೆ ಕೊರತೆಯಿಲ್ಲ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದರು. ಗರಿ ಹೊದಿಸಿದ ಮಹಡಿ, ಇಕ್ಕಟ್ಟಾದ ಮೆಟ್ಟಿಲು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ದಾರಿ ಕಾಣದೆ ಕೆಲವರು ಮೇಲಿನಿಂದ ಜಿಗಿದರು. ಒಂಬತ್ತು ಮಂದಿ ಸತ್ತರು. ನಿಯಮಗಳು ನಮ್ಮಲ್ಲೂ ಇವೆ. ಆದರೆ ಅವನ್ನು ಪರವಾನಗಿ ಪಡೆಯಲು ಬೇಕಾದ ಕಾಗದವೆಂದೇ ನಾವು ತಿಳಿದಿದ್ದೇವೆ.

ನಮ್ಮ ಊರುಗಳನ್ನೇ ನೋಡೋಣ. ಅಂಗಡಿಯ ಮೇಲೊಂದು ಟ್ಯೂಷನ್ ಕೇಂದ್ರ, ಅದರ ಮೇಲೊಂದು ಹಾಸ್ಟೆಲ್. ಇಳಿಯಲು ಒಂದೇ ಮೆಟ್ಟಿಲು, ಅದರ ಬುಡದಲ್ಲಿ ಸ್ಕೂಟರ್ ಮತ್ತು ಕರೆಂಟ್ ಮೀಟರ್‌ಗಳು, ರಾತ್ರಿ ಬೀಗ ಜಡಿದ ಗ್ರಿಲ್ಲು. ಮದ್ರಸವಿರಲಿ, ಶಾಲೆಯಿರಲಿ, ಮದುವೆ ಹಾಲ್ ಇರಲಿ, ಚಿತ್ರ ಹೆಚ್ಚು ಬೇರೆಯಿಲ್ಲ. ಹುಡುಗಿಯರ ಹಾಸ್ಟೆಲಾದರೆ ಬೀಗಕ್ಕೆ 'ರಕ್ಷಣೆ' ಎಂಬ ಹೆಸರೂ ಸೇರಿಕೊಳ್ಳುತ್ತದೆ. ಹೊರಗಿನ ಕಳ್ಳನ ಬಗೆಗಿನ ಭಯ ನಮ್ಮನ್ನು ಎಷ್ಟು ಆವರಿಸಿದೆಯೆಂದರೆ, ಒಳಗಿರುವವರು ಹೊರಬರಬೇಕಾದೀತು ಎಂಬ ಯೋಚನೆಯೇ ಬರುವುದಿಲ್ಲ.

ಸಂಡರ್‌ಲ್ಯಾಂಡಿನ ಅಗುಳಿಯಾಗಲಿ ನ್ಯೂಯಾರ್ಕಿನ ಬೀಗವಾಗಲಿ ಕೊಲ್ಲಲೆಂದು ಹಾಕಿದ್ದಲ್ಲ. ಒಳಗಿದ್ದವರ ಮೇಲೆ ನಂಬಿಕೆಯಿಲ್ಲದೆ, ಅವರನ್ನು ಸಾಲಿನಲ್ಲಿಡಲು ಹಾಕಿದ್ದು. ಒಂದು ಹೆಚ್ಚುವರಿ ಮೆಟ್ಟಿಲು ಕಟ್ಟಲು ಹಣ ಬೇಕಾಗಬಹುದು. ಮೆಟ್ಟಿಲ ಬುಡದ ಸ್ಕೂಟರ್ ಸರಿಸಲು, ಗ್ರಿಲ್ಲಿನ ಬೀಗವನ್ನು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂಥ ಚಿಲಕಕ್ಕೆ ಬದಲಾಯಿಸಲು ಹೆಚ್ಚೇನೂ ಬೇಕಿಲ್ಲ. ನಮ್ಮ ಮಕ್ಕಳು ಓದುವ, ಮಲಗುವ ಕಟ್ಟಡಕ್ಕೆ ಹೋದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಫೀಸಿನದಲ್ಲ, ಈ ಬಾಗಿಲಿನದು.