ಪ್ರೌಢಶಾಲೆಯಲ್ಲಿ ಅರೆಕಾಲಿಕ ಡ್ರಾಯಿಂಗ್ ಮಾಸ್ತರಿಕೆ: ಅರ್ಹತೆ ಏನು, ಕೈಗೆ ಎಷ್ಟು, ಏನೆಲ್ಲ ಕೇಳಿಕೊಂಡು ಸೇರಬೇಕು?

ಮೇ ಕೊನೆ, ಜೂನ್ ಮೊದಲ ವಾರ ಬಂತೆಂದರೆ ತಾಲ್ಲೂಕಿನ ಝೆರಾಕ್ಸ್ ಅಂಗಡಿಗಳ ಮುಂದೆ ಅಂಕಪಟ್ಟಿ ಹಿಡಿದು ನಿಲ್ಲುವವರ ಸಾಲು ಕಾಣುತ್ತದೆ. ಅದು ಅತಿಥಿ ಶಿಕ್ಷಕರ ಅರ್ಜಿ ಹಂಗಾಮು. ಗಣಿತ, ವಿಜ್ಞಾನ, ಇಂಗ್ಲಿಷ್ ಓದಿದವರಿಗೆ ಯಾವ ಶಾಲೆಯಲ್ಲಿ ಜಾಗ ಖಾಲಿ ಇದೆ ಅಂತ ಬೇಗ ಗೊತ್ತಾಗುತ್ತೆ. ಚಿತ್ರಕಲೆ ಕಲಿತವರದ್ದು ಮಾತ್ರ ಪ್ರತಿ ವರ್ಷ ಅದೇ ಪ್ರಶ್ನೆ: ನಮಗೆ ಎಲ್ಲಿ ಕೆಲಸ, ಎಷ್ಟು ಕೊಡ್ತಾರೆ, ಹತ್ತು ತಿಂಗಳಾದ ಮೇಲೆ ಏನು? ಈ ಪ್ರಶ್ನೆಗಳಿಗೆ ಬೇಕಾದ ಮಾಹಿತಿ ಇಲ್ಲಿದೆ. ಮಕ್ಕಳನ್ನು ಶಾಲೆಗೆ ಕಳಿಸುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಅರೆಕಾಲಿಕ ಅಂದರೆ ಯಾವುದು?

ನಮ್ಮ ಕಡೆ ಮೂರು ಥರದ ಕೆಲಸಕ್ಕೂ ಜನ ಒಂದೇ ಹೆಸರು ಹೇಳುತ್ತಾರೆ: ‘ಡ್ರಾಯಿಂಗ್ ಮಾಸ್ತರ್ ಪಾರ್ಟ್ ಟೈಮ್’. ಆದರೆ ಮೂರೂ ಬೇರೆ ಬೇರೆ.

ಮೊದಲನೆಯದು ಸರ್ಕಾರಿ ಪ್ರೌಢಶಾಲೆಯ ಅತಿಥಿ ಶಿಕ್ಷಕ. ಇಲಾಖೆ ಮಂಜೂರು ಮಾಡಿದ ಲೆಕ್ಕದಲ್ಲೇ ನೇಮಕ. ಒಂದು ಶೈಕ್ಷಣಿಕ ವರ್ಷಕ್ಕೆ ಮಾತ್ರ, ಕಾಯಂ ಶಿಕ್ಷಕ ಬಂದರೆ ಜಾಗ ಬಿಡಬೇಕು.

ಎರಡನೆಯದು ಖಾಸಗಿ ಅಥವಾ ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿಯೇ ಸಂಬಳ ಕೊಟ್ಟು ಇಟ್ಟುಕೊಳ್ಳುವುದು. ವಾರಕ್ಕೆ ಎರಡೋ ಮೂರೋ ದಿನ ಬಂದು ಹೋಗುವವರೇ ಹೆಚ್ಚು. ಒಬ್ಬರೇ ಎರಡು ಮೂರು ಶಾಲೆ ಸುತ್ತುವುದೂ ಉಂಟು.

ಮೂರನೆಯದು ಊರವರು, ಹಳೆ ವಿದ್ಯಾರ್ಥಿಗಳು ಸೇರಿ ದುಡ್ಡು ಹಾಕಿ ಇಡುವ ಮಾಸ್ತರ್. ಇದಕ್ಕೆ ಆದೇಶವೂ ಇರಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇರಲ್ಲ. ಮುಂದೆ ಅನುಭವದ ಪತ್ರ ಬೇಕಾದಾಗ ತೊಂದರೆಗೆ ಸಿಗುವವರು ಇವರೇ.

ಏನು ಓದಿರಬೇಕು?

ಹಳೆಯ ದಾರಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳದ್ದು. ರಾಜ್ಯದ ಶಾಲಾ ಪರೀಕ್ಷಾ ಮಂಡಳಿ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಅದರ ಮೇಲೆ ಶಿಕ್ಷಕ ತರಬೇತಿಯ ಡಿಪ್ಲೊಮಾ ಮಾಡಿಕೊಂಡು ಮಾಸ್ತರಾದವರು ಹಿಂದಿನ ತಲೆಮಾರಿನಲ್ಲಿ ಬಹಳ ಜನ. ಈಗ ಡಿಪ್ಲೊಮಾ ಜೊತೆಗೆ ಬಿ.ವಿ.ಎ. ಅಥವಾ ಬಿ.ಎಫ್.ಎ. ಪದವಿ ಇದ್ದವರೂ ಅದೇ ಜಾಗಕ್ಕೆ ಅರ್ಜಿ ಹಾಕುತ್ತಾರೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು, ಟಿ.ಪಿ. ಅಕ್ಕಿ ಅವರು ಕಟ್ಟಿದ ಗದಗಿನ ವಿಜಯ ಕಲಾ ಮಂದಿರ, ಇವು ರಾಜ್ಯದಲ್ಲಿ ಹೆಸರಾದ ಕಲಿಕೆಯ ಜಾಗಗಳು.

ಟಿಇಟಿ ಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಟಿಇಟಿ ಇರುವುದು 1ರಿಂದ 8ನೇ ತರಗತಿಯ ಶಿಕ್ಷಕರಿಗೆ, ಅದರಲ್ಲಿ ಚಿತ್ರಕಲೆಗೆ ಪ್ರತ್ಯೇಕ ಪೇಪರ್ ಇಲ್ಲ. ಅತಿಥಿ ಶಿಕ್ಷಕರ ಆಯ್ಕೆಯಲ್ಲಿ ನೋಡುವುದು ವಿದ್ಯಾರ್ಹತೆ ಮತ್ತು ಅದರಲ್ಲಿ ತೆಗೆದ ಅಂಕ. ಆದ್ದರಿಂದ ಎಲ್ಲ ಸೆಮಿಸ್ಟರ್ ಅಂಕಪಟ್ಟಿ ಜೋಡಿಸಿ ಇಟ್ಟುಕೊಂಡವರ ಕೆಲಸ ಅರ್ಧ ಮುಗಿದಂತೆ.

ಕೈಗೆ ಬರುವುದು ಎಷ್ಟು?

2025-26ರ ರಾಜ್ಯ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನ 2,000 ರೂ. ಹೆಚ್ಚಾಯಿತು. ಅದರ ಪ್ರಕಾರ ಪ್ರೌಢಶಾಲೆಗೆ ತಿಂಗಳಿಗೆ 12,500 ರೂ., ಪ್ರಾಥಮಿಕ ಶಾಲೆಗೆ 12,000 ರೂ. ಕೇಳೋಕೆ ಪರವಾಗಿಲ್ಲ ಅನಿಸುತ್ತೆ. ಆದರೆ ಬೇಸಿಗೆ ರಜೆಗೆ ಗೌರವಧನ ಇಲ್ಲ. ಹತ್ತು ತಿಂಗಳು ಪೂರ್ತಿ ಕೆಲಸ ಸಿಕ್ಕಿತು ಅಂತ ಹಿಡಿದರೂ ವರ್ಷಕ್ಕೆ 1,25,000 ರೂ. ಅದನ್ನು 12 ತಿಂಗಳಿಗೆ ಹಂಚಿದರೆ 10,416 ರೂ. ಮನೆ ಖರ್ಚಿನ ಲೆಕ್ಕ ಹಾಕುವವರು ಈ ಸಂಖ್ಯೆ ಹಿಡಿದುಕೊಳ್ಳಬೇಕೇ ಹೊರತು 12,500 ಅಲ್ಲ. ಹಣವೂ ಪ್ರತಿ ತಿಂಗಳು ಒಂದನೇ ತಾರೀಕಿಗೆ ಬರಲ್ಲ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದು ಸಾಮಾನ್ಯ. ಅಲ್ಲಿಯವರೆಗೆ ಕಿರಾಣಿ ಅಂಗಡಿಯ ಖಾತೆ ಪುಸ್ತಕವೇ ಗತಿ. ಇದು ತಾಲ್ಲೂಕಿನ ಅಂಗಡಿಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಖಾಸಗಿ ಶಾಲೆಯಲ್ಲಿ ನಿಗದಿ ದರ ಅಂತ ಇಲ್ಲ, ಮಾತಾಡಿಕೊಂಡದ್ದೇ ಸಂಬಳ. ಇಲ್ಲಿ ಮಾಸಿಕ ಮೊತ್ತ ನೋಡದೆ ಪೀರಿಯಡ್ ಲೆಕ್ಕ ಹಾಕಬೇಕು. ಉದಾಹರಣೆಗೆ 8, 9, 10ನೇ ತರಗತಿಗೆ ತಲಾ ಎರಡು ಸೆಕ್ಷನ್, ಒಂದೊಂದಕ್ಕೆ ವಾರಕ್ಕೆ ಎರಡು ಪೀರಿಯಡ್ ಅಂದರೆ ವಾರಕ್ಕೆ 12, ತಿಂಗಳಿಗೆ 48 ಪೀರಿಯಡ್. ತಿಂಗಳಿಗೆ 6,000 ರೂ. ಒಪ್ಪಿಕೊಂಡರೆ ಪೀರಿಯಡ್‌ಗೆ 125 ರೂ. ಬಿದ್ದಂತಾಯಿತು. ಡಿಸೆಂಬರ್‌ನಲ್ಲಿ ಗ್ಯಾದರಿಂಗ್ ವೇದಿಕೆ ಅಲಂಕಾರಕ್ಕೆ ಅಂತ ಇನ್ನೂ 30 ತಾಸು ಕೂತರೆ ಅದೇ 6,000 ರೂ. 78 ಪಾಲಾಗಿ 77 ರೂ.ಗೆ ಇಳಿಯುತ್ತದೆ. ಬಸ್ ಚಾರ್ಜ್ ಇನ್ನೂ ಕಳೆದಿಲ್ಲ.

ಲೆಕ್ಕಕ್ಕೆ ಬಾರದ ಕೆಲಸ

ಈ ಕೆಲಸದಲ್ಲಿ ದೊಡ್ಡ ತಕರಾರು ಇರುವುದು ಇಲ್ಲೇ. ಡ್ರಾಯಿಂಗ್ ಬರುತ್ತೆ ಅಂದರೆ ಶಾಲೆಯಲ್ಲಿ ಯಾರಿಗೆ ಏನು ಬೇಕಾದರೂ ಬರೆದುಕೊಡಬೇಕು ಅನ್ನೋ ಭಾವನೆ ಎಲ್ಲ ಕಡೆ ಇದೆ. ವಿಜ್ಞಾನದವರಿಗೆ ಚಾರ್ಟ್, ಆಗಸ್ಟ್ 15ಕ್ಕೆ ಬ್ಯಾನರ್, ಅಧಿಕಾರಿಗಳು ಬರುವ ದಿನ ಬಾಗಿಲ ಮುಂದೆ ರಂಗೋಲಿ, ಕಾಂಪೌಂಡ್ ಮೇಲೆ ಘೋಷಣೆ, ಸರ್ಟಿಫಿಕೇಟ್ ಮೇಲೆ ಮಕ್ಕಳ ಹೆಸರು. ‘ಸ್ವಲ್ಪ ಕೈ ಆಡಿಸಿಬಿಡಿ ಸರ್, ನಿಮಗೆ ಐದು ನಿಮಿಷದ ಕೆಲಸ’ ಎಂಬ ಮಾತು ಕೇಳದ ಡ್ರಾಯಿಂಗ್ ಮಾಸ್ತರ್ ಇಲ್ಲ.

ಅದೇ ಹೊತ್ತಿಗೆ ಅವರ ಪೀರಿಯಡ್ ಮಾತ್ರ ಯಾರ ಕೈಗಾದರೂ ಹೋಗುತ್ತದೆ. ಪಾಠ ಮುಗಿಯದ ಗಣಿತಕ್ಕೋ, ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೋ ಮೊದಲು ಬಿಟ್ಟುಕೊಡುವುದು ಡ್ರಾಯಿಂಗ್ ಪೀರಿಯಡ್ಡೇ. ಎಸ್ಸೆಸ್ಸೆಲ್ಸಿಯ ಆರು ವಿಷಯ, 625 ಅಂಕಗಳಲ್ಲಿ ಚಿತ್ರಕಲೆಯ ಒಂದು ಅಂಕವೂ ಇಲ್ಲ. ಸಹಪಠ್ಯ ಚಟುವಟಿಕೆ ಅಂತ ಗ್ರೇಡ್ ಹಾಕುತ್ತಾರೆ, ಅಷ್ಟೇ. ಪಕ್ಕದ ಮಹಾರಾಷ್ಟ್ರದಲ್ಲಿ ಸರ್ಕಾರದ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸಾದ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ಅದಕ್ಕೇ ಅಲ್ಲಿ ಪಾಲಕರೇ ಮುಂದೆ ನಿಂತು ಮಕ್ಕಳನ್ನು ಆ ಪರೀಕ್ಷೆಗೆ ಕೂರಿಸುತ್ತಾರೆ.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ‘ಅರೆಕಾಲಿಕ ಬೋಧಕ’ ಎಂಬ ಮಾತೇ ಇದೆ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯಾನುಭವ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. 9, 10ನೇ ತರಗತಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆ ಕಡ್ಡಾಯ ವಿಷಯವಾಗಬೇಕು ಅಂತ ಶಿಫಾರಸು ಮಾಡಿತ್ತು. 2023ರ ಚೌಕಟ್ಟೂ ಕಲಾ ಶಿಕ್ಷಣವನ್ನು ಪಠ್ಯದ ಭಾಗವಾಗಿಯೇ ಎಣಿಸಿದೆ. ಕಾಗದದಲ್ಲಿ ಜಾಗ ಉಂಟು. ವೇಳಾಪಟ್ಟಿಯಲ್ಲಿ ಆ ಜಾಗ ಉಳಿಯುತ್ತಾ ಅನ್ನೋದು ಆಯಾ ಶಾಲೆಯ ಮೇಲೆ ನಿಂತಿದೆ. ಕಾಯಂ ಮಾಸ್ತರು ನಿವೃತ್ತರಾದ ಮೇಲೆ ಎಷ್ಟೋ ಶಾಲೆಗಳಲ್ಲಿ ಆ ಕುರ್ಚಿಗೆ ಮತ್ತೆ ಯಾರೂ ಬಂದಿಲ್ಲ.

ಖಾಸಗಿ ಶಾಲೆಯಲ್ಲಿ ದುಡಿಯುವವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು. ಶಿಕ್ಷಕರಿಗೂ ಗ್ರಾಚ್ಯುಟಿ ಹಕ್ಕು ಇದೆ ಅಂತ 2009ರಲ್ಲಿ ಕಾನೂನು ತಿದ್ದುಪಡಿಯಾಯಿತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ವರ್ಷಗಟ್ಟಲೆ ಒಂದೇ ಶಾಲೆಯಲ್ಲಿ ದುಡಿದವರು ಏನನ್ನಾದರೂ ಕೇಳಬೇಕೆಂದರೆ ದುಡಿದ ದಾಖಲೆ ಕೈಯಲ್ಲಿರಬೇಕು. ನಗದು ಎಣಿಸಿಕೊಂಡು ಬಂದವರ ಬಳಿ ತೋರಿಸಲು ಏನೂ ಇರಲ್ಲ.

ಮಕ್ಕಳಿಗೆ ಇದರಿಂದ ಏನು?

ಪಾಲಕರು ನೇರವಾಗಿ ಕೇಳುವ ಪ್ರಶ್ನೆ ಇದು. ಮೊದಲು ಅಂಕದ ಮಾತೇ ನೋಡೋಣ. ವಿಜ್ಞಾನದಲ್ಲಿ ಹೃದಯದ ನೀಳ ಛೇದ, ನರಕೋಶ, ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ, ಇವೆಲ್ಲ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ತರುವ ಚಿತ್ರಗಳು. ಗೆರೆ ಹಿಡಿತಕ್ಕೆ ಬಂದ ಹುಡುಗ ಇವನ್ನು ಅಳಿಸಿ ತಿದ್ದದೆ ಬೇಗ ಮುಗಿಸುತ್ತಾನೆ.

ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆ, ರಂಗೋಲಿ, ಮಣ್ಣಿನ ಮಾದರಿಗೆ ಸ್ಪರ್ಧೆ ಇದೆ. ಕ್ಲಸ್ಟರ್‌ನಿಂದ ರಾಜ್ಯದವರೆಗೂ ಹೋಗಬಹುದು. ಪ್ರೌಢಶಾಲೆ ಮಕ್ಕಳಿಗೆ ಅಂತಲೇ 2015ರಿಂದ ರಾಷ್ಟ್ರಮಟ್ಟದ ಕಲಾ ಉತ್ಸವವೂ ಶುರುವಾಗಿದೆ.

ಆಮೇಲೆ ಹೊಟ್ಟೆಪಾಡು. ಐಟಿಐನ ಸಿವಿಲ್ ಡ್ರಾಫ್ಟ್ಸ್‌ಮನ್ ಟ್ರೇಡ್, ಆರ್ಕಿಟೆಕ್ಚರ್‌ಗೆ ನಾಟಾ ಪರೀಕ್ಷೆ, ನಿಫ್ಟ್ ಪ್ರವೇಶ ಪರೀಕ್ಷೆ, ಬಿ.ವಿ.ಎ., ಎಲ್ಲದಕ್ಕೂ ಕೈ ಓಡಬೇಕು. ಇಂಥ ದಾರಿಗಳಿವೆ ಅಂತ ಹಳ್ಳಿ ಶಾಲೆಯ ಮಕ್ಕಳಿಗೆ ಹೇಳುವವರು ಬಹುತೇಕ ಡ್ರಾಯಿಂಗ್ ಮಾಸ್ತರೊಬ್ಬರೇ.

ಇನ್ನೊಂದು ಉಪಯೋಗ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಕೆಂಪು ಹಸಿರು ಗುರುತಿಸಲಾಗದ ಕಣ್ಣಿನ ದೋಷ, ಬೋರ್ಡ್ ಕಾಣದ ದೃಷ್ಟಿ ದೋಷ, ಕೈ ನಡುಕ, ಇವು ಮೊದಲು ಕಣ್ಣಿಗೆ ಬೀಳುವುದು ಬಣ್ಣ ಹಚ್ಚುವಾಗ. ಎಲೆಗೆ ಕಂದು ಹಚ್ಚಿದ ಹುಡುಗನನ್ನು ಬೈಯುವ ಮೊದಲು ಬಣ್ಣದ ಪೆನ್ಸಿಲ್ ಬೇರ್ಪಡಿಸಲು ಹೇಳಿ ನೋಡುವುದು ಒಳ್ಳೆ ಮಾಸ್ತರರ ಲಕ್ಷಣ.

ಸಾಮಾನು ಇಲ್ಲದೆ ಪಾಠ ಹೇಗೆ?

ಐವತ್ತು ಅರವತ್ತು ಮಕ್ಕಳ ತರಗತಿ. ಅರ್ಧ ಮಕ್ಕಳ ಬಳಿ ಬಣ್ಣದ ಡಬ್ಬಿ ಇರಲ್ಲ. ‘ಬಣ್ಣ ತಂದಿಲ್ಲ’ ಅಂತ ಹೊರಗೆ ನಿಲ್ಲಿಸಿದರೆ ಬಡವರ ಮಕ್ಕಳೇ ಪ್ರತಿ ವಾರ ಹೊರಗೆ. ಅನುಭವಿ ಮಾಸ್ತರುಗಳು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಅಕ್ಕಿ ಹಿಟ್ಟು ಎಲ್ಲ ಮನೆಯಲ್ಲೂ ಸಿಗುತ್ತೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಬರುತ್ತೆ. ಮಲೆನಾಡಿನ ಹಸೆ ಚಿತ್ತಾರ ಇಂಥದ್ದೇ ಮಣ್ಣು, ಅಕ್ಕಿ ಹಿಟ್ಟಿನಲ್ಲಿ ಬೆಳೆದ ಕಲೆ. ಕಿನ್ನಾಳದ ಗೊಂಬೆ, ಇಳಕಲ್ ಸೀರೆಯ ದಡಿ, ಬೀದರಿನ ಬಿದ್ರಿ ಬಳ್ಳಿಯನ್ನೇ ಮಾದರಿ ಇಟ್ಟುಕೊಂಡರೆ ವಿನ್ಯಾಸದ ಪಾಠಕ್ಕೆ ಬೇರೆ ಪುಸ್ತಕ ಬೇಡ.

ಶಾಲೆ ಹೊರಗಿನ ದುಡಿಮೆ

ಬರೀ ಗೌರವಧನ ನಂಬಿ ಮನೆ ನಡೆಸುವವರು ಕಡಿಮೆ. ಬೋರ್ಡ್ ಬರೆಯುವುದು, ಗಣೇಶನ ಮೂರ್ತಿಗೆ ಬಣ್ಣ, ನಾಟಕದ ಪರದೆ, ಮದುವೆ ಮಂಟಪ, ಗೋಡೆ ಬರಹ, ಭಾನುವಾರದ ಡ್ರಾಯಿಂಗ್ ಕ್ಲಾಸ್, ಇವೆಲ್ಲ ಸೇರಿದರೆ ಜೀವನ. ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡ್ ಕೆಲಸ ಕುಸಿಯಿತು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಬೋರ್ಡ್ ಬದಲಿಸಬೇಕಾದ ಅಂಗಡಿಯವರು ಊರಿನ ಕಲಾವಿದರನ್ನು ಒಮ್ಮೆ ವಿಚಾರಿಸಬಹುದು. ಕೈಯಲ್ಲಿ ಬರೆದ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದರೆ ಅಲ್ಲೇ ತಿದ್ದಿಸಬಹುದು, ಗಾಳಿಗೆ ಹರಿಯೋದೂ ಇಲ್ಲ.

ಸೇರುವ ಮೊದಲು ಇಷ್ಟು ಮಾಡಿ

ನೇಮಕದ ಪತ್ರ ಬರವಣಿಗೆಯಲ್ಲಿ ಕೇಳಿ. ವಾರಕ್ಕೆ ಎಷ್ಟು ಪೀರಿಯಡ್, ಯಾವ ದಿನ, ಎಷ್ಟು ಸಂಬಳ, ರಜೆಯಲ್ಲಿ ಕೊಡ್ತಾರಾ ಇಲ್ವಾ, ಎಲ್ಲ ಅದರಲ್ಲಿರಲಿ.

ಸಂಬಳ ಬ್ಯಾಂಕ್ ಖಾತೆಗೇ ಬರಲಿ.

ಹಾಜರಿ ಪುಸ್ತಕದಲ್ಲಿ ಅದೇ ದಿನ ಸಹಿ ಮಾಡಿ. ವರ್ಷ ಮುಗಿದ ಕೂಡಲೇ, ಮುಖ್ಯ ಶಿಕ್ಷಕರು ವರ್ಗವಾಗುವ ಮೊದಲೇ, ಸೇವಾ ಪ್ರಮಾಣಪತ್ರ ತೆಗೆದುಕೊಳ್ಳಿ.

ವೇದಿಕೆ ಅಲಂಕಾರ, ಗೋಡೆ ಬರಹದಂಥ ಹೆಚ್ಚುವರಿ ಕೆಲಸಕ್ಕೆ ಬಣ್ಣದ ಖರ್ಚು ಯಾರದ್ದು, ಕೂಲಿ ಎಷ್ಟು ಅಂತ ಮೊದಲ ದಿನವೇ ಮಾತಾಡಿ. ಡಿಸೆಂಬರ್‌ನಲ್ಲಿ ಕೇಳಿದರೆ ಜಗಳ ಆಗುತ್ತೆ, ಜೂನ್‌ನಲ್ಲಿ ಕೇಳಿದರೆ ಅದು ಬರೀ ವ್ಯವಹಾರ.

ಮಕ್ಕಳ ಒಳ್ಳೆ ಚಿತ್ರಗಳನ್ನು ತಾರೀಕು ಹಾಕಿ ಫೈಲ್ ಮಾಡಿಡಿ. ಮುಂದಿನ ಶಾಲೆಯಲ್ಲಿ ಕೆಲಸ ಕೇಳುವಾಗ ಅಂಕಪಟ್ಟಿಗಿಂತ ಜೋರಾಗಿ ಮಾತಾಡುವುದು ಆ ಫೈಲ್.

ಪಾಲಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಮಾಡಲು ಒಂದೇ ಕೆಲಸ ಇದೆ. ಶಾಲೆ ಶುರುವಾದ ಮೊದಲ ಸಭೆಯಲ್ಲೇ ವೇಳಾಪಟ್ಟಿ ತರಿಸಿ ನೋಡಿ. ಡ್ರಾಯಿಂಗ್ ಪೀರಿಯಡ್ ಇದೆಯಾ, ಅದನ್ನು ತೆಗೆದುಕೊಳ್ಳುವವರು ಯಾರು, ಜನವರಿ ಬಂದ ಮೇಲೂ ಅದು ಉಳಿಯುತ್ತಾ ಅಂತ ಕೇಳಿ. ಕೇಳುವವರು ಇರುವ ಶಾಲೆಯಲ್ಲಿ ಪೀರಿಯಡ್ ಸುಮ್ಮನೆ ಮಾಯವಾಗಲ್ಲ.